ಉಬುಂಟುವಿನಿಂದ ವಿಂಡೋಸ್ ಡ್ರೈವ್ ತೆರೆಯುವುದು ಹೇಗೆ?

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಂಡವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. ‘ಡಿ ಡ್ರೈವ್ ಕಾಣುತ್ತೆ, ಫೋಟೊ ತೆರೆಯುತ್ತೆ, ಆದ್ರೆ ಏನೂ ಸೇವ್ ಆಗ್ತಿಲ್ಲ.’ ಕಳೆದ ತಿಂಗಳು ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಇದೇ ದೂರು ಹಿಡಿದು ಬಂದ. ಬರುವ ಮೊದಲೇ, ಎಲ್ಲೋ ಸಿಕ್ಕ ಒಂದು ಸಾಲಿನ ಕಮಾಂಡ್ ಹಾಕಿ ಡ್ರೈವನ್ನು ಬಲವಂತವಾಗಿ ತೆರೆದಿದ್ದ. ಆ ಕಮಾಂಡ್ ವಿಂಡೋಸ್‌ನ ಹೈಬರ್ನೇಟ್ ಫೈಲನ್ನೇ ಅಳಿಸಿಹಾಕಿತ್ತು. ತೆರೆದ ಕೆಲಸವನ್ನೆಲ್ಲ ಹಾಗೇ ಬರೆದಿಟ್ಟು ವಿಂಡೋಸ್ ಮಲಗುವುದು ಆ ಫೈಲ್‌ನಲ್ಲಿ. ವಿಂಡೋಸ್ ಕಡೆ ಸೇವ್ ಮಾಡದೆ ತೆರೆದಿಟ್ಟಿದ್ದ ಪ್ರಾಜೆಕ್ಟ್ ವರದಿ ಅದರ ಜೊತೆಗೇ ಹೋಯಿತು. ಪಾಪ, ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದ. ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಡ್ರೈವ್ ಹುಡುಕಿ

ಇದು ಸುಲಭ. ಉಬುಂಟುವಿನ ‘ಫೈಲ್ಸ್’ ತೆರೆದರೆ ಎಡಬದಿಯ ಪಟ್ಟಿಯಲ್ಲೋ ‘ಅದರ್ ಲೊಕೇಶನ್ಸ್’ ಒಳಗೋ ವಿಂಡೋಸ್ ಪಾರ್ಟಿಶನ್‌ಗಳು, ಅಂದರೆ ಡಿಸ್ಕ್‌ನ ಭಾಗಗಳು, ಇರುತ್ತವೆ. ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೇಳಿದರೆ ಉಬುಂಟುವಿನದು ಕೊಡಿ. ಸಿ, ಡಿ ಎಂಬ ಅಕ್ಷರಗಳು ಇಲ್ಲಿ ಕಾಣುವುದಿಲ್ಲ, ಅವು ವಿಂಡೋಸ್ ಇಟ್ಟುಕೊಂಡ ಹೆಸರುಗಳು. ಇಲ್ಲಿ ಕಾಣುವುದು ಪಾರ್ಟಿಶನ್‌ನ ಲೇಬಲ್, ಅದೂ ಇಲ್ಲದಿದ್ದರೆ ಬರೀ ಅಳತೆ. ಆದ್ದರಿಂದ ವಿಂಡೋಸ್‌ನಲ್ಲಿರುವಾಗಲೇ ಪ್ರತಿ ಡ್ರೈವ್‌ಗೂ ಗುರುತು ಸಿಗುವಂಥ ಹೆಸರಿಟ್ಟುಬಿಡಿ. ‘ಮನೆಫೋಟೊ’ ಎಂದರೂ ಸರಿ. ಕೆಲವು ನೂರು ಎಂಬಿಯ ಚಿಕ್ಕ ಪಾರ್ಟಿಶನ್‌ಗಳೂ ಕಂಡಾವು. ಅವು ಕಂಪ್ಯೂಟರ್ ಬೂಟ್ ಆಗಲು, ರಿಕವರಿಗೆ ಬೇಕಾದವು. ಅವನ್ನು ಮುಟ್ಟಬೇಡಿ.

ಫೈಲ್ ನೋಡಬೇಕು, ಕಾಪಿ ಮಾಡಿಕೊಳ್ಳಬೇಕು, ಅಷ್ಟೇ ಅಂದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಬಹುದು. ಬರೆಯಲು ಹೊರಟಾಗಲೇ ತೊಂದರೆ ಶುರು.

ವಿಂಡೋಸನ್ನು ನಿಜವಾಗಿ ಆಫ್ ಮಾಡುವುದು

ಎಲ್ಲರೂ ಎಡವುವ ಜಾಗ ಇದು. ‘ಷಟ್‌ಡೌನ್ ಮಾಡೇ ಬಂದಿದ್ದೀನಿ ಸಾರ್’ ಅನ್ನುತ್ತಾರೆ. ಮಾಡಿರುತ್ತಾರೆ, ಸುಳ್ಳಲ್ಲ. ಆದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ.

2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ಷಟ್‌ಡೌನ್ ಒತ್ತಿದಾಗ ನೀವು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ಒಳತಿರುಳು ಮುಚ್ಚುವುದಿಲ್ಲ. ಆ ಕ್ಷಣಕ್ಕೆ ಅದರ ನೆನಪಿನಲ್ಲಿ ಇದ್ದದ್ದನ್ನೆಲ್ಲ ಸಿ ಡ್ರೈವ್‌ನ ಒಂದು ದೊಡ್ಡ ಫೈಲ್‌ನಲ್ಲಿ (ಅದೇ ಹೈಬರ್ನೇಟ್ ಫೈಲ್) ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ಡಿಸ್ಕ್‌ನಲ್ಲಿ ಏನು ಎಲ್ಲಿದೆ ಎಂಬ ಲೆಕ್ಕವೂ ಆ ನೆನಪಿನಲ್ಲಿಯೇ ಇರುತ್ತದೆ.

ಕಿರಾಣಿ ಅಂಗಡಿಯವರು ಲೆಕ್ಕದ ಪುಸ್ತಕ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ತಲೆಯಲ್ಲಿಟ್ಟುಕೊಂಡು ಊಟಕ್ಕೆ ಹೋದರು ಅಂದುಕೊಳ್ಳಿ. ಅಷ್ಟರಲ್ಲಿ ಇನ್ನೊಬ್ಬರು ಬಂದು ಅದೇ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರೆ? ವಾಪಸ್ ಬಂದ ಅಂಗಡಿಯವರು ತಮ್ಮ ತಲೆಯಲ್ಲಿದ್ದ ಲೆಕ್ಕವನ್ನೇ ಅದರ ಮೇಲೆ ಬರೆಯುತ್ತಾರೆ. ಇಬ್ಬರ ಲೆಕ್ಕವೂ ಹಾಳು. ಡಿಸ್ಕ್‌ನಲ್ಲಿ ಹೀಗಾದರೆ ಕಳೆದುಹೋಗುವುದು ನಿಮ್ಮ ಫೈಲ್‌ಗಳು. ಅದಕ್ಕೇ ಉಬುಂಟು ಡ್ರೈವನ್ನು ‘ಓದಲು ಮಾತ್ರ’ ಎಂದು ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಅದು ನಿಮ್ಮ ಫೈಲ್ ಕಾಯುತ್ತಿದೆ, ಅದರ ಜೊತೆ ಜಗಳಕ್ಕೆ ಹೋಗಬೇಡಿ.

ಈಗ ಸರಿಮಾಡೋಣ. ವಿಂಡೋಸ್‌ಗೆ ಹೋಗಿ. ಹೊಸ ‘ಸೆಟ್ಟಿಂಗ್ಸ್’ನಲ್ಲಿ ಹುಡುಕುತ್ತಾ ಕೂರಬೇಡಿ. ಸ್ಟಾರ್ಟ್ ಒತ್ತಿ ‘ಕಂಟ್ರೋಲ್ ಪ್ಯಾನೆಲ್’ ಎಂದು ಟೈಪ್ ಮಾಡಿ ತೆರೆಯಿರಿ. ಅಲ್ಲಿ ‘ಹಾರ್ಡ್‌ವೇರ್ ಅಂಡ್ ಸೌಂಡ್’, ಅದರೊಳಗೆ ‘ಪವರ್ ಆಪ್ಷನ್ಸ್’. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂಬ ಸಾಲಿದೆ, ಅದನ್ನು ಒತ್ತಿ. ಕೆಳಗೆ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎಂಬುದರ ಮುಂದೆ ಟಿಕ್ ಇರುತ್ತದೆ. ಆದರೆ ಅದು ಮಂಕಾಗಿರುತ್ತದೆ, ಒತ್ತಿದರೂ ಅಲುಗಾಡುವುದಿಲ್ಲ. ಎಷ್ಟೋ ಜನ ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ಅದೇ ಪುಟದ ಮೇಲ್ಭಾಗದಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಎಂಬ ನೀಲಿ ಸಾಲು ನೋಡಿ. ಅದನ್ನು ಒತ್ತಿದ ಮೇಲೆ ಟಿಕ್ ತೆಗೆಯಲು ಬರುತ್ತದೆ. ತೆಗೆಯಿರಿ, ‘ಸೇವ್ ಚೇಂಜಸ್’ ಒತ್ತಿ. ಆಮೇಲೆ ಒಂದು ಸಲ ಷಟ್‌ಡೌನ್ ಮಾಡಿ ಉಬುಂಟುಗೆ ಬನ್ನಿ.

ಫಾಸ್ಟ್ ಸ್ಟಾರ್ಟಪ್ ಸಾಲೇ ಕಾಣದಿದ್ದರೆ ಗಾಬರಿ ಬೇಡ. ಹೈಬರ್ನೇಟ್ ಮೊದಲೇ ಆಫ್ ಆಗಿದ್ದರೆ ಹಾಗಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ದಾರಿ ಒಂದಿದೆ. ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡೂ ಇಟ್ಟುಕೊಂಡವರೆಲ್ಲ ಇದನ್ನೇ ಮಾಡಬೇಕು ಅನ್ನುವುದು ನನ್ನ ಮಾತು. ‘ಕಮಾಂಡ್ ಪ್ರಾಂಪ್ಟ್’ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷ್‌ನಲ್ಲಿ ‘ಪವರ್’ ಎಂದು ಟೈಪ್ ಮಾಡಿ, ಜಾಗ ಬಿಡದೆ ಸಿ, ಎಫ್, ಜಿ ಸೇರಿಸಿ. ಒಂದು ಸ್ಪೇಸ್, ಮುಂದಕ್ಕೆ ವಾಲಿದ ಗೆರೆ, ಎಚ್, ಮತ್ತೊಂದು ಸ್ಪೇಸ್, ಕೊನೆಗೆ ‘ಆಫ್’. ಎಂಟರ್. ಹೈಬರ್ನೇಟ್ ಪೂರ್ತಿ ನಿಲ್ಲುತ್ತದೆ, ಫಾಸ್ಟ್ ಸ್ಟಾರ್ಟಪ್ ಕೂಡ ಅದರ ಜೊತೆಗೇ ಹೋಗುತ್ತದೆ. ಸಿ ಡ್ರೈವ್‌ನಲ್ಲಿ ಕೆಲವು ಜಿಬಿ ಜಾಗವೂ ಬಿಡುವಾಗುತ್ತದೆ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಜಾಸ್ತಿಯಾಗುವುದು ಕೆಲವೇ ಸೆಕೆಂಡು. ಅಷ್ಟಕ್ಕಾಗಿ ಮನೆಯ ಫೋಟೊಗಳನ್ನು ಪಣಕ್ಕಿಡುವುದು ಸರಿಯಲ್ಲ, ಅಲ್ವಾ?

ಅವಸರದಲ್ಲಿದ್ದೀರಿ, ಸೆಟ್ಟಿಂಗ್ ಬದಲಿಸಲು ಸಮಯವಿಲ್ಲ ಅಂದರೆ ‘ಷಟ್‌ಡೌನ್’ ಬದಲು ‘ರೀಸ್ಟಾರ್ಟ್’ ಒತ್ತಿ, ಬೂಟ್ ಮೆನುವಿನಲ್ಲಿ ಉಬುಂಟು ಆರಿಸಿ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ಶಿಫ್ಟ್ ಕೀ ಹಿಡಿದು ಷಟ್‌ಡೌನ್ ಒತ್ತಿದರೂ ಅಷ್ಟೇ.

ಇಷ್ಟಾದರೂ ಬರೆಯಲು ಬಿಡದಿದ್ದರೆ, ಹಿಂದೆ ಯಾವಾಗಲೋ ಕರೆಂಟ್ ಹೋಗಿ ಡಿಸ್ಕ್ ಲೆಕ್ಕ ತಪ್ಪಿರಬಹುದು. ವಿಂಡೋಸ್‌ನಲ್ಲಿ ಆ ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಟೂಲ್ಸ್’, ‘ಚೆಕ್’. ಉಬುಂಟುವಿನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಸಾಧನವಿದೆ, ಎಲ್ಲರೂ ಅದನ್ನೇ ಹೇಳಿಕೊಡುತ್ತಾರೆ. ಅದು ಕೆಲವು ಮೇಲ್ಮೇಲಿನ ದೋಷ ಸರಿಮಾಡಿ, ಪೂರ್ತಿ ತಪಾಸಣೆಯನ್ನು ವಿಂಡೋಸ್‌ಗೇ ಬಿಡುತ್ತದೆ. ಹಾಗಿದ್ದ ಮೇಲೆ ನೇರವಾಗಿ ವಿಂಡೋಸ್‌ನಲ್ಲಿಯೇ ಮಾಡಿ. ಯಾವ ಕಮಾಂಡ್‌ನಲ್ಲಾದರೂ ‘ಫೋರ್ಸ್’ ಅಥವಾ ‘ರಿಮೂವ್’ ಎಂಬ ಪದ ಕಂಡರೆ ಕೀಬೋರ್ಡ್‌ನಿಂದ ಕೈ ತೆಗೆಯಿರಿ. ಪಕ್ಕದ ಮನೆ ಹುಡುಗ ಹಾಕಿದ್ದು ಅಂಥದ್ದೇ.

ಬೀಗದ ಗುರುತು ಕಂಡರೆ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಪಕ್ಕ ಬೀಗ ಇರುತ್ತದೆ, ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ. ಇದು ಬಿಟ್‌ಲಾಕರ್, ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದಂತೆ ವಿಂಡೋಸ್ ಹಾಕುವ ಬೀಗ. ನೀವು ಹಾಕಿದ ನೆನಪಿಲ್ಲದಿದ್ದರೂ ಇರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್‌ಗೆ ಸಾಮಾನ್ಯವಾಗಿ ತಾನಾಗಿಯೇ ಬೀಗ ಬೀಳುತ್ತದೆ. ಇಲ್ಲಿ ವಿಂಡೋಸ್ ಪಿನ್ ನಡೆಯುವುದಿಲ್ಲ. ಬೇಕಾಗಿರುವುದು 48 ಅಂಕಿಗಳ ರಿಕವರಿ ಕೀ. ಬ್ರೌಸರ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋದರೆ ಸಾಧನಗಳ ಪಟ್ಟಿಯಲ್ಲಿ ಸಿಗುತ್ತದೆ. ಆರಾರು ಅಂಕಿಯ ಎಂಟು ಗುಂಪು, ನಡುವೆ ಅಡ್ಡಗೆರೆ. ಹಾಗೇ ಟೈಪ್ ಮಾಡಿ.

ಈ ಕೀಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಉಬುಂಟು ಹಾಕುವ ಮೊದಲೇ ಈ ಕೆಲಸ ಆಗಬೇಕು. ದುಡ್ಡು ಕೊಟ್ಟರೆ ಬೀಗ ಒಡೆದುಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ನಂಬಬೇಡಿ.

ಎಲ್ಲಿ ಬರೆಯಬೇಕು, ಏನು ಹೆಸರಿಡಬೇಕು

ಸಿ ಡ್ರೈವ್‌ಗೆ ಉಬುಂಟುವಿನಿಂದ ಏನನ್ನೂ ಬರೆಯಬೇಡಿ. ಕಾಪಿ ಮಾಡಿಕೊಳ್ಳಿ, ಸಾಕು. ಎರಡೂ ಕಡೆಯವರು ಬಳಸಲು ಬೇರೆ ಪಾರ್ಟಿಶನ್ ಇರಲಿ. ಅದನ್ನು ವಿಂಡೋಸ್ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಮದುವೆ ವಿಡಿಯೊ ಹಾಕಲು ಹೋದಾಗ ಗೊತ್ತಾಗುತ್ತದೆ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಚೆನ್ನ. ಆದರೆ ಅದರಲ್ಲಿ ಜರ್ನಲ್, ಅಂದರೆ ಡಿಸ್ಕ್‌ನಲ್ಲಿ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ, ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಕಷ್ಟ.

ಪ್ರತಿ ಸಲ ಕ್ಲಿಕ್ ಮಾಡುವುದು ಬೇಸರ ಅನ್ನಿಸಿದರೆ ಉಬುಂಟುವಿನ ‘ಡಿಸ್ಕ್ಸ್’ ತೆರೆದು ಪಾರ್ಟಿಶನ್ ಆರಿಸಿ. ಹಲ್ಲಿನ ಚಕ್ರದ ಗುರುತು ಒತ್ತಿ, ‘ಎಡಿಟ್ ಮೌಂಟ್ ಆಪ್ಷನ್ಸ್’ಗೆ ಹೋಗಿ, ಮೇಲಿನ ಸ್ವಿಚ್ ಆಫ್ ಮಾಡಿ, ‘ಮೌಂಟ್ ಅಟ್ ಸಿಸ್ಟಂ ಸ್ಟಾರ್ಟಪ್’ಗೆ ಟಿಕ್ ಹಾಕಿ. ಕೆಳಗಿನ ಸಾಲಿನಲ್ಲಿ ‘ನೋಫೇಲ್’ ಎಂಬ ಪದವಿರುತ್ತದೆ. ಅದನ್ನು ಅಳಿಸಬೇಡಿ. ಅದಿಲ್ಲದಿದ್ದರೆ, ಡ್ರೈವ್ ಸಿಗದ ದಿನ ಉಬುಂಟು ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ.

ಫೈಲ್ ಹೆಸರು ಕನ್ನಡದಲ್ಲೇ ಇಡಿ, ಎರಡೂ ಕಡೆ ಸರಿಯಾಗಿ ಕಾಣುತ್ತದೆ. ಆದರೆ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಬೇಡ. ‘ಸಭೆ 10:30’ ಎಂಬ ಹೆಸರನ್ನು ಉಬುಂಟು ಒಪ್ಪಿಕೊಳ್ಳಬಹುದು, ವಿಂಡೋಸ್‌ನಲ್ಲಿ ಆ ಫೈಲ್ ತೆರೆಯುವುದಿಲ್ಲ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಫೈಲ್‌ಗಳನ್ನು ಉಬುಂಟುವಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಫೈಲ್ ಕೆಟ್ಟಿತು ಅಂದುಕೊಳ್ಳಬೇಡಿ. ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತವಾದ ಯುನಿಕೋಡ್ ಅಲ್ಲದ ಬರವಣಿಗೆ ಆ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣುತ್ತದೆ. ಅದೇ ಫಾಂಟನ್ನು ಉಬುಂಟುವಿನಲ್ಲೂ ಹಾಕಿಕೊಂಡರೆ ಕನ್ನಡ ಮೂಡುತ್ತದೆ. ಅದಕ್ಕೆ ಮುಂಚೆ ಆ ಫೈಲನ್ನು ತಿದ್ದಿ ಸೇವ್ ಮಾಡಬೇಡಿ.

ಉಬುಂಟುವಿನಿಂದ ವಾಪಸ್ ಹೋದಾಗ ವಿಂಡೋಸ್ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿರಬಹುದು. ಉಬುಂಟು ಯಂತ್ರದ ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಡಿಸ್ಕ್‌ಗೂ ಇದಕ್ಕೂ ಸಂಬಂಧವಿಲ್ಲ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಸರಿಹೋಗುತ್ತದೆ.

ಆ ಕಡೆಯಿಂದ ಈ ಕಡೆಗೆ

ವಿಂಡೋಸ್‌ನಲ್ಲಿ ಕೂತು ಉಬುಂಟು ಪಾರ್ಟಿಶನ್ ತೆರೆಯಬಹುದಾ ಎಂದು ಕೇಳುತ್ತಾರೆ. ಉಬುಂಟು ಫೈಲ್ ಇಡಲು ಸಾಮಾನ್ಯವಾಗಿ ಎಕ್ಸ್ಟ್4 ಎಂಬ ಪದ್ಧತಿ ಬಳಸುತ್ತದೆ, ವಿಂಡೋಸ್‌ಗೆ ಅದು ತಾನಾಗಿ ಓದಲು ಬರುವುದಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಒಂದು ದಾರಿ ಇದೆ. ಅದಕ್ಕೆ ಇಡೀ ಡಿಸ್ಕನ್ನೇ ಬಿಟ್ಟುಕೊಡಬೇಕು, ಹಾಗಾಗಿ ವಿಂಡೋಸ್ ಇರುವ ಡಿಸ್ಕ್‌ನಲ್ಲೇ ಉಬುಂಟು ಇದ್ದರೆ ಅದು ನಡೆಯದು. ವರ್ಷಗಳಿಂದ ಯಾರೂ ನೋಡಿಕೊಳ್ಳದ ಉಚಿತ ಡ್ರೈವರ್‌ಗಳೂ ಸಿಗುತ್ತವೆ. ಅವುಗಳಿಂದ ಬರೆಯಲು ಹೋಗಬೇಡಿ. ‘ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಫಾರ್ಮ್ಯಾಟ್ ಮಾಡಿದರೆ ಉಬುಂಟು ಪೂರ್ತಿ ಹೋಗುತ್ತದೆ. ನಿಮಗೆ ಬೇಕಾದ ಫೈಲನ್ನು ಉಬುಂಟುವಿನಲ್ಲಿ ಇರುವಾಗಲೇ ಹಂಚಿಕೊಂಡ ಪಾರ್ಟಿಶನ್‌ಗೆ ಕಾಪಿ ಮಾಡಿ, ಆಮೇಲೆ ವಿಂಡೋಸ್‌ಗೆ ಹೋಗಿ ತೆರೆಯಿರಿ.