ಎಲೆಕ್ಟ್ರಾನ್ ವಿನ್ಯಾಸ ಬರೆಯುವ ಬಗೆ: ಪೊಟ್ಯಾಸಿಯಂನಿಂದ ಕಬ್ಬಿಣದವರೆಗೆ

ಪ್ರೌಢಶಾಲೆಯಲ್ಲಿ ಸೋಡಿಯಂಗೆ 2, 8, 1 ಎಂದೂ ಕ್ಯಾಲ್ಸಿಯಂಗೆ 2, 8, 8, 2 ಎಂದೂ ಬರೆದು ರೂಢಿಯಾದ ವಿದ್ಯಾರ್ಥಿಗೆ ಪಿಯುಸಿಯ ಮೊದಲ ವರ್ಷದಲ್ಲಿ ಒಂದು ನ್ಯಾಯವಾದ ಸಂದೇಹ ಏಳುತ್ತದೆ. 2ಎನ್² ಸೂತ್ರದ (ಎನ್ ಎಂದರೆ ಕವಚದ ಸಂಖ್ಯೆ) ಪ್ರಕಾರ ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನ್‌ಗಳಿಗೆ ಜಾಗವಿರುವಾಗ, ಪೊಟ್ಯಾಸಿಯಂನ 19ನೆಯ ಎಲೆಕ್ಟ್ರಾನ್ ಅದನ್ನು ಬಿಟ್ಟು ನಾಲ್ಕನೆಯ ಕವಚಕ್ಕೆ ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ವಿನ್ಯಾಸ ಬರೆಯುವುದು ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಪ್ರತಿ ಕವಚದೊಳಗೆ ಉಪಕವಚಗಳಿವೆ, ಉಪಕವಚಗಳೊಳಗೆ ಕಕ್ಷಕಗಳು, ಅಂದರೆ ಆರ್ಬಿಟಲ್‌ಗಳಿವೆ. ಎಸ್ ಉಪಕವಚದಲ್ಲಿ ಒಂದು, ಪಿ ಯಲ್ಲಿ ಮೂರು, ಡಿ ಯಲ್ಲಿ ಐದು, ಎಫ್ ನಲ್ಲಿ ಏಳು ಕಕ್ಷಕಗಳು. 1925ರಲ್ಲಿ ವುಲ್ಫ್‌ಗಾಂಗ್ ಪೌಲಿ ಮಂಡಿಸಿದ ತತ್ವದಂತೆ ಒಂದು ಕಕ್ಷಕದಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳು ಇರಲಾರವು, ಇರುವ ಎರಡರ ಸ್ಪಿನ್, ಅಂದರೆ ಎರಡೇ ದಿಕ್ಕುಗಳಿರುವ ತಿರುಗುವಿಕೆಯಂಥ ಗುಣ, ಪರಸ್ಪರ ವಿರುದ್ಧವಾಗಿರಬೇಕು. ಹಾಗಾಗಿ ಉಪಕವಚಗಳ ಗರಿಷ್ಠ ಮಿತಿ ಕ್ರಮವಾಗಿ 2, 6, 10 ಮತ್ತು 14.

ತುಂಬುವ ಕ್ರಮವನ್ನು ನಿರ್ಧರಿಸುವುದು ಶಕ್ತಿ, ಕವಚದ ಸಂಖ್ಯೆಯೊಂದೇ ಅಲ್ಲ. ಕವಚದ ಸಂಖ್ಯೆಯಾದ ಎನ್‌ಗೆ ಉಪಕವಚದ ಎಲ್ ಬೆಲೆಯನ್ನು (ಎಸ್‌ಗೆ 0, ಪಿ ಗೆ 1, ಡಿ ಗೆ 2, ಎಫ್‌ಗೆ 3) ಕೂಡಿಸಿ. ಮೊತ್ತ ಕಡಿಮೆ ಇರುವ ಉಪಕವಚ ಮೊದಲು ತುಂಬುತ್ತದೆ, ಮೊತ್ತ ಸಮವಾದರೆ ಎನ್ ಕಡಿಮೆ ಇರುವುದಕ್ಕೆ ಮೊದಲ ಸರದಿ. 4ಎಸ್‌ಗೆ 4+0=4, 3ಡಿ ಗೆ 3+2=5; ಆದ್ದರಿಂದ ಪೊಟ್ಯಾಸಿಯಂನ ಕೊನೆಯ ಎಲೆಕ್ಟ್ರಾನ್ 4ಎಸ್ ಸೇರುತ್ತದೆ. ಇದರ ಹಿಂದಿನ ಕಾರಣವನ್ನೂ ತಿಳಿಯಬೇಕು: ಎಸ್ ಕಕ್ಷಕದ ಎಲೆಕ್ಟ್ರಾನ್ ಬೀಜಕೇಂದ್ರದ ತೀರ ಸಮೀಪಕ್ಕೂ ನುಸುಳುವುದರಿಂದ, ಒಳಗಿನ ಎಲೆಕ್ಟ್ರಾನ್‌ಗಳು ಒಡ್ಡುವ ಮರೆ ಅದಕ್ಕೆ ಕಡಿಮೆಯಾಗಿ, ಬೀಜಕೇಂದ್ರದ ಸೆಳೆತ ಹೆಚ್ಚು ತಾಕುತ್ತದೆ. ತುಂಬುವ ಕ್ರಮವನ್ನು ತೋರಿಸುವ ಓರೆ ಬಾಣಗಳ ಚಿತ್ರವನ್ನು ನೆನಪಿಟ್ಟುಕೊಂಡು ಬರೆಯುವವರೇ ಹೆಚ್ಚು. ಆದರೆ ಪರೀಕ್ಷೆಯಲ್ಲಿ ಒಂದು ಬಾಣ ತಪ್ಪಿದರೆ ಮುಂದಿನದೆಲ್ಲ ತಪ್ಪುವುದರಿಂದ, ಈ ಕೂಡುವ ಲೆಕ್ಕವೇ ಮೇಲೆಂದು ನನ್ನ ಅಭಿಪ್ರಾಯ. ಹೀಗೆ ಲೆಕ್ಕ ಹಾಕಿದರೆ ಕ್ರಮ 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ, 5ಎಸ್ ಎಂದು ಸಾಗುತ್ತದೆ.

ಈಗ ಕಬ್ಬಿಣವನ್ನು ತೆಗೆದುಕೊಳ್ಳೋಣ. ಪರಮಾಣು ಸಂಖ್ಯೆ 26. ಕ್ರಮದಂತೆ 4ಎಸ್ ತುಂಬುವಷ್ಟರಲ್ಲಿ 2+2+6+2+6+2, ಅಂದರೆ 20 ಎಲೆಕ್ಟ್ರಾನ್‌ಗಳು ಮುಗಿಯುತ್ತವೆ. ಉಳಿದ ಆರು 3ಡಿ ಗೆ ಹೋಗುತ್ತವೆ. ಬರೆಯುವಾಗ ಮಾತ್ರ ಕವಚದ ಸಂಖ್ಯೆಗೆ ತಕ್ಕಂತೆ ಜೋಡಿಸಿ: 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶ 3ಡಿ⁶ 4ಎಸ್². ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಸೂಚಿಸುವ, ತುದಿಯಲ್ಲಿ ಮೇಲೆ ಬರೆದ ಚಿಕ್ಕ ಅಂಕಿಗಳನ್ನು ಕೂಡಿ 26 ಬರುತ್ತದೆಯೇ ಎಂದು ಪ್ರತಿ ಸಲವೂ ನೋಡಿ. ಮೊದಲ 18 ಎಲೆಕ್ಟ್ರಾನ್‌ಗಳು ಆರ್ಗಾನ್‌ನ ವಿನ್ಯಾಸವೇ ಆದ್ದರಿಂದ [ಆರ್ಗಾನ್] 3ಡಿ⁶ 4ಎಸ್² ಎಂದು ಚಿಕ್ಕದಾಗಿಯೂ ಬರೆಯಬಹುದು.

ಆ ಆರು ಎಲೆಕ್ಟ್ರಾನ್‌ಗಳನ್ನು ಐದು ಚೌಕಗಳಲ್ಲಿ (ಒಂದು ಚೌಕ ಎಂದರೆ ಒಂದು ಕಕ್ಷಕ) ಕೂರಿಸುವಾಗ ಹುಂಡ್ ನಿಯಮವನ್ನು ಪಾಲಿಸಬೇಕು: ಮೊದಲು ಐದಕ್ಕೂ ಒಂದೊಂದು, ಎಲ್ಲವೂ ಒಂದೇ ದಿಕ್ಕಿನ ಸ್ಪಿನ್‌ನೊಂದಿಗೆ, ಆರನೆಯದು ಮಾತ್ರ ಜೋಡಿಯಾಗುತ್ತದೆ. ಬಸ್ಸು ಹತ್ತಿದವರು ಮೊದಲು ಖಾಲಿ ಸೀಟು ಹಿಡಿದು, ಅವು ಮುಗಿದ ಮೇಲೆ ಪಕ್ಕದಲ್ಲಿ ಕೂರುವ ಹಾಗೆ. ಹೀಗಾಗಿ ಕಬ್ಬಿಣದ ಪರಮಾಣುವಿನಲ್ಲಿ ನಾಲ್ಕು ಒಂಟಿ ಎಲೆಕ್ಟ್ರಾನ್‌ಗಳಿವೆ.

ಅತಿ ಹೆಚ್ಚು ಅಂಕ ಕಳೆಯುವುದು ಅಯಾನುಗಳಲ್ಲಿ. ಕೊನೆಗೆ ತುಂಬಿದ್ದು 3ಡಿ ಆದ್ದರಿಂದ ಮೊದಲು ಹೋಗುವುದೂ ಅದೇ ಎಂದು ಭಾವಿಸುವುದು ಸಹಜ, ಆದರೆ ಅದು ಸರಿಯಲ್ಲ. ಎಲೆಕ್ಟ್ರಾನ್‌ಗಳು ಹೊರಡುವುದು ಅತ್ಯಂತ ಹೊರಗಿನ ಕವಚದಿಂದ, ಇಲ್ಲಿ 4ಎಸ್‌ನಿಂದ. ಆದ್ದರಿಂದ ಎರಡು ಧನಾವೇಶದ ಕಬ್ಬಿಣದ ಅಯಾನಿನ ವಿನ್ಯಾಸ [ಆರ್ಗಾನ್] 3ಡಿ⁶, ಮೂರು ಧನಾವೇಶದ್ದು [ಆರ್ಗಾನ್] 3ಡಿ⁵. ಪರಮಾಣುವಿನ ವಿನ್ಯಾಸವನ್ನು ಪೂರ್ತಿ ಬರೆದುಕೊಂಡು, ಅನಂತರವೇ ಎಲೆಕ್ಟ್ರಾನ್‌ಗಳನ್ನು ತೆಗೆಯಿರಿ.

ಕ್ರೋಮಿಯಂ ಮತ್ತು ತಾಮ್ರ ಈ ಕ್ರಮವನ್ನು ಮೀರುತ್ತವೆ: ಕ್ರೋಮಿಯಂ 3ಡಿ⁵ 4ಎಸ್¹, ತಾಮ್ರ 3ಡಿ¹⁰ 4ಎಸ್¹. ಅರ್ಧ ಅಥವಾ ಪೂರ್ತಿ ತುಂಬಿದ ಉಪಕವಚಕ್ಕೆ ಹೆಚ್ಚಿನ ಸ್ಥಿರತೆ ಇರುವುದೇ ಕಾರಣವೆಂದು ಹೇಳುವುದುಂಟು. ಅದನ್ನು ಎಲ್ಲೆಡೆ ನಡೆಯುವ ನಿಯಮವೆಂದು ನಂಬಬೇಡಿ. ಕ್ರೋಮಿಯಂನ ಗುಂಪಿನಲ್ಲೇ ಇರುವ ಟಂಗ್‌ಸ್ಟನ್ 5ಡಿ⁴ 6ಎಸ್² ಆಗಿದೆ. ಇಂಥ ಅಪವಾದಗಳನ್ನು ನೆನಪಿಟ್ಟುಕೊಳ್ಳುವುದೇ ಸರಿ.

ಅಭ್ಯಾಸಕ್ಕೆ ಕೋಬಾಲ್ಟ್‌ನ (27) ಎರಡು ಧನಾವೇಶದ ಅಯಾನಿನ ವಿನ್ಯಾಸವನ್ನು ಚೌಕಗಳೊಂದಿಗೆ ಬರೆಯಿರಿ. 3ಡಿ⁷ ಬಂದು, ಎರಡು ಜೋಡಿಗಳೂ ಮೂರು ಒಂಟಿ ಎಲೆಕ್ಟ್ರಾನ್‌ಗಳೂ ಕಂಡರೆ ಉತ್ತರ ಸರಿಯಾಗಿದೆ.