ನಕ್ಷೆಯ ಗುರುತುಗಳಿಗೆ ಸ್ಥಿತಿಗೆ ತಕ್ಕ ಬಣ್ಣ ಕೊಡುವುದು ಹೇಗೆ?

ದಾವಣಗೆರೆಯಲ್ಲಿ ಪಂಪ್‌ಸೆಟ್ ಮಾರಿ, ರಿಪೇರಿಯನ್ನೂ ಮಾಡಿಕೊಡುವ ಅಂಗಡಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇಸಿಗೆಯಲ್ಲಿ ಜಗಳೂರಿನ ಕೊಳವೆಬಾವಿಗಳಿಂದಲೂ ಚನ್ನಗಿರಿಯ ಅಡಿಕೆ ತೋಟಗಳಿಂದಲೂ ಒಂದೇ ದಿನ ಕರೆ ಬರುತ್ತವೆ. ಒಂದೂರು ಪೂರ್ವಕ್ಕೆ, ಇನ್ನೊಂದು ದಕ್ಷಿಣಕ್ಕೆ. ಎಲ್ಲ ದೂರುಗಳೂ ನಕ್ಷೆಯಲ್ಲಿ ಒಂದೇ ಬಣ್ಣದ ಚುಕ್ಕೆಗಳಾಗಿದ್ದರೆ ಮೆಕ್ಯಾನಿಕ್ ಮೊದಲು ಎತ್ತ ಹೋಗಬೇಕೆಂಬುದು ತಿಳಿಯುವುದಿಲ್ಲ. ತೋಟ ಒಣಗುತ್ತಿರುವ ರೈತನಿಗೆ ಒಂದು ದಿನದ ತಡವೂ ದೊಡ್ಡದು.

ಬಣ್ಣಕ್ಕೆ ಮೊದಲು ದೂರುಗಳನ್ನು ಬರೆದಿಡುವ ಗೂಗಲ್ ಶೀಟ್ ಸರಿಯಾಗಬೇಕು. ಊರು, ದೂರು ಬಂದ ದಿನಾಂಕ, ಸ್ಥಿತಿ ಮತ್ತು ಸ್ಥಳ ಎಂಬ ಕಾಲಂಗಳು ಸಾಕು. ಸ್ಥಿತಿಯನ್ನು ಕೈಯಿಂದ ಟೈಪ್ ಮಾಡಲು ಬಿಡದೆ ‘ಹೊಸದು’, ‘ಬಿಡಿಭಾಗ ಬರಬೇಕು’, ‘ಮುಗಿದಿದೆ’ ಎಂಬ ಮೂರೇ ಪದಗಳ ಡ್ರಾಪ್‌ಡೌನ್ ಇಡಿ. ಒಬ್ಬರು ‘ಮುಗಿದಿದೆ’ ಎಂದೂ ಮತ್ತೊಬ್ಬರು ‘ಮುಗಿಯಿತು’ ಎಂದೂ ಬರೆದರೆ ಕಂಪ್ಯೂಟರ್ ಅವನ್ನು ಎರಡು ಬೇರೆ ಸ್ಥಿತಿಗಳೆಂದೇ ಎಣಿಸಿ ಎರಡು ಬಣ್ಣ ಹಚ್ಚುತ್ತದೆ. ಎರಡು ದಿನ ದಾಟಿದ ಹೊಸ ದೂರನ್ನು ‘ತಡವಾಗಿದೆ’ ಎಂದು ತಾನಾಗಿಯೇ ತೋರಿಸಲು ಪಕ್ಕದ ಕಾಲಂನಲ್ಲಿ ಇಫ್ (IF, ಅಂದರೆ ‘ಹೀಗಿದ್ದರೆ ಹೀಗೆ ತೋರಿಸು’ ಎನ್ನುವ) ಸೂತ್ರ ಬರೆದು, ಬಣ್ಣಕ್ಕೆ ಈ ಕಾಲಂ ಅನ್ನೇ ಬಳಸುವುದು ಒಳ್ಳೆಯದು.

ಸ್ಥಳದ ಕಾಲಂನಲ್ಲಿ ಅಕ್ಷಾಂಶ ಮೊದಲು, ಅಲ್ಪವಿರಾಮ, ಆಮೇಲೆ ರೇಖಾಂಶ ಬರಬೇಕು. ದಾವಣಗೆರೆಗೆ ಸುಮಾರು 14.46, 75.92. ಇದು ಹಿಂದುಮುಂದಾದರೆ ಚುಕ್ಕೆ ಆರ್ಕ್ಟಿಕ್ ಸಮುದ್ರಕ್ಕೆ ಹೋಗಿ ಕೂರುತ್ತದೆ.

ಈಗ ಶೀಟನ್ನು ಲುಕರ್ ಸ್ಟುಡಿಯೊಗೆ, ಅಂದರೆ ಶೀಟಿನ ಮಾಹಿತಿಯಿಂದ ಚಾರ್ಟ್, ನಕ್ಷೆಗಳ ವರದಿ ಮಾಡಿಕೊಡುವ ಗೂಗಲ್‌ನ ತಂತ್ರಾಂಶಕ್ಕೆ ಜೋಡಿಸಿ. 2022ರವರೆಗೆ ಡೇಟಾ ಸ್ಟುಡಿಯೊ ಎಂಬ ಹೆಸರಿದ್ದದ್ದು ಇದಕ್ಕೇ. ಬಬಲ್ ಮ್ಯಾಪ್ (ಚುಕ್ಕೆಗಳ ನಕ್ಷೆ) ಸೇರಿಸಿ, ಲೊಕೇಶನ್ ಜಾಗಕ್ಕೆ ಸ್ಥಳವನ್ನೂ ಕಲರ್ ಡೈಮೆನ್ಷನ್ ಜಾಗಕ್ಕೆ ಇಫ್ ಸೂತ್ರದ ಕಾಲಂ ಅನ್ನೂ ಎಳೆದು ಹಾಕಿದರೆ ಚುಕ್ಕೆಗಳು ಬಣ್ಣ ತಳೆಯುತ್ತವೆ. ತಂತ್ರಾಂಶವೇ ಕೊಟ್ಟ ಆ ಬಣ್ಣಗಳನ್ನು ಹಾಗೆಯೇ ಬಿಡಬೇಡಿ. ಪ್ರತಿ ಸ್ಥಿತಿಗೂ ನೀವೇ ಬಣ್ಣ ನಿಗದಿ ಮಾಡಿದರೆ, ಅದೇ ವರದಿಯ ಬೇರೆ ಚಾರ್ಟ್‌ಗಳಲ್ಲಿಯೂ ಅದೇ ಅರ್ಥ ಉಳಿಯುತ್ತದೆ.

ಆಯ್ಕೆಯಲ್ಲಿ ವಿವೇಚನೆ ಬೇಕಾದದ್ದು ಇಲ್ಲಿಯೇ. ಬಹಳ ಜನ ಮುಗಿದ ಕೆಲಸಕ್ಕೆ ಹಸಿರು, ತಡವಾದದ್ದಕ್ಕೆ ಕೆಂಪು ಕೊಡುತ್ತಾರೆ. ಆದರೆ ವರ್ಣಾಂಧತೆ ಇರುವವರಲ್ಲಿ ಹೆಚ್ಚಿನವರಿಗೆ ಗೊಂದಲವಾಗುವುದು ಈ ಎರಡು ಬಣ್ಣಗಳ ನಡುವೆಯೇ, ಮತ್ತು ಈ ತೊಂದರೆ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಮುಗಿದದ್ದಕ್ಕೆ ಮಸುಕಾದ ಬೂದು ಕೊಡುವುದೇ ನನ್ನ ಸಲಹೆ, ಏಕೆಂದರೆ ಅದರ ಕಡೆ ಇನ್ನು ಯಾರೂ ನೋಡಬೇಕಾಗಿಲ್ಲ. ತಡವಾದದ್ದಕ್ಕೆ ಕಡು ಕೆಂಪು, ಹೊಸದಕ್ಕೆ ಕಿತ್ತಳೆ, ಬಿಡಿಭಾಗಕ್ಕೆ ಕಾದಿರುವುದಕ್ಕೆ ನೇರಳೆ ಹೊಂದುತ್ತದೆ. ತಿಳಿ ನೀಲಿ ಬೇಡ. ಸೂಳೆಕೆರೆಯ ಸುತ್ತಲಿನ ಊರುಗಳ ಗುರುತು ಕೆರೆಯ ನೀರಿನ ಬಣ್ಣದಲ್ಲಿಯೇ ಕರಗಿಹೋಗುತ್ತದೆ.

ಬಣ್ಣದ ಅರ್ಥ ಹೇಳುವ ಲೆಜೆಂಡ್ ಅನ್ನು ನಕ್ಷೆಯ ಮೇಲ್ಭಾಗದಲ್ಲಿ ಇಡಿ. ಶೀಟಿನಲ್ಲಿ ಮಾಡಿದ ಬದಲಾವಣೆ ನಕ್ಷೆಗೆ ಬರಲು ಸಾಮಾನ್ಯವಾಗಿ 15 ನಿಮಿಷ ಹಿಡಿಯಬಹುದು. ಮೆಕ್ಯಾನಿಕ್ ಆಗಲೇ ಗಾಡಿ ಹತ್ತಿದ್ದರೆ ರಿಫ್ರೆಶ್ ಡೇಟಾ ಒತ್ತಿ, ನಂತರ ಮುಂದಿನ ಊರಿನ ಹೆಸರು ಹೇಳಿ.