ಪೊಟ್ಯಾಷ್ ಗೊಬ್ಬರದ ವಿಕಿರಣವನ್ನು ಗೈಗರ್ ಕೌಂಟರಿನಿಂದ ಎಣಿಸುವ ಬಗೆ

ಹಾವೇರಿ, ಗದಗಗಳ ಗೊಬ್ಬರದಂಗಡಿಯಲ್ಲಿ ಸಿಗುವ ಪೊಟ್ಯಾಷ್ ಸಣ್ಣ ಪ್ರಮಾಣದಲ್ಲಿ ವಿಕಿರಣ ಸೂಸುತ್ತದೆ. ನಿಸರ್ಗದ ಪೊಟ್ಯಾಸಿಯಮ್ಮಿನಲ್ಲಿ ಶೇಕಡಾ 0.0117ರಷ್ಟಿರುವ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಬಗೆಯೇ ಅದಕ್ಕೆ ಕಾರಣ. ಒಂದು ಗ್ರಾಂ ಗೊಬ್ಬರದಲ್ಲಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಕ್ಷಯಿಸುತ್ತವೆ. ಬರಿಗೈಯಲ್ಲಿ ಎರಚುವ ರೈತರು ಹೆದರಬೇಕಾದಷ್ಟಲ್ಲ, ಆದರೆ ಎಣಿಸುವುದಕ್ಕೆ ಧಾರಾಳವಾಗಿ ಸಾಕು.

ಜರ್ಮನಿಯ ಭೌತವಿಜ್ಞಾನಿ ಹಾನ್ಸ್ ಗೈಗರ್ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಅವರೊಡನೆ ಕೆಲಸ ಮಾಡುತ್ತಿದ್ದಾಗ, ಆಲ್ಫಾ ಕಣಗಳು ತೆರೆಗೆ ಬಡಿದು ಮಿಂಚುವುದನ್ನು ಕತ್ತಲ ಕೋಣೆಯಲ್ಲಿ ಕುಳಿತು ಕಣ್ಣಿನಿಂದಲೇ ಎಣಿಸಬೇಕಾಗುತ್ತಿತ್ತು. 1908ರಲ್ಲಿ ಅವರಿಬ್ಬರೂ ವಿದ್ಯುತ್ತಿನಿಂದ ಎಣಿಸುವ ಮೊದಲ ಸಾಧನವನ್ನು ರೂಪಿಸಿದರು. 1928ರಲ್ಲಿ ಕೀಲ್‌ನಲ್ಲಿ ಗೈಗರ್ ಮತ್ತು ಅವರ ಶಿಷ್ಯ ವಾಲ್ಟರ್ ಮ್ಯುಲರ್ ಅದನ್ನು ಇಂದಿನ ಗೈಗರ್ ಕೌಂಟರಿನ ನಳಿಗೆಯಾಗಿ ಪಳಗಿಸಿದರು. ನಳಿಗೆಯೊಳಗಿನ ವಿರಳ ಅನಿಲವನ್ನು ಒಂದು ಕಣ ಅಯಾನೀಕರಿಸಿದರೆ (ಅಂದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತರೆ), ನೂರಾರು ವೋಲ್ಟಿನ ಸೆಳೆತದಲ್ಲಿ ಎಲೆಕ್ಟ್ರಾನುಗಳು ಮಳೆಯಂತೆ ಹೆಚ್ಚಿ ಒಂದು ವಿದ್ಯುತ್ ಮಿಡಿತವಾಗುತ್ತದೆ; ಕೌಂಟರ್ ಎಣಿಸುವುದು ಅದನ್ನೇ. ಒಳಗೆ ಇಷ್ಟು ವೋಲ್ಟೇಜ್ ಇರುವುದರಿಂದ ನಳಿಗೆಯ ಕವಚವನ್ನು ಬಿಚ್ಚಬೇಡಿ.

ಮೊದಲು ಗೊಬ್ಬರವಿಲ್ಲದೆ, ಖಾಲಿ ಮೇಜಿನ ಮೇಲೆ ಹತ್ತು ನಿಮಿಷ ಎಣಿಸಬೇಕು. ಸುತ್ತಲಿನಿಂದ ಸದಾ ಬರುವ ವಿಕಿರಣದ ಈ ಹಿನ್ನೆಲೆಯ ಎಣಿಕೆಯನ್ನು ಬಿಟ್ಟು ಮುಂದೆ ಹೋಗುವುದೇ ಹೊಸಬರ ದೊಡ್ಡ ತಪ್ಪು. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಒಂದು ಸಲ, ಮರದ ಮೇಜಿನ ಮೇಲೆ ಇನ್ನೊಂದು ಸಲ ಎಣಿಸಿ ಹೋಲಿಸಬಾರದು, ಏಕೆಂದರೆ ಗ್ರಾನೈಟಿನಲ್ಲಿಯೂ ಯುರೇನಿಯಂ, ಥೋರಿಯಂಗಳ ಅಂಶವಿರುತ್ತದೆ. ಬಳಿಕ ಗೊಬ್ಬರವನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಅಗಲವಾಗಿ ಹರಡಿ (ಧಾರವಾಡದ ಮಳೆಗಾಲದಲ್ಲಿ ಅದು ಬೇಗ ತೇವ ಹೀರುತ್ತದೆ), ನಳಿಗೆಯನ್ನು ಅದಕ್ಕೆ ತಾಗುವಷ್ಟು ಹತ್ತಿರವಿಟ್ಟು, ಮತ್ತೆ ಹತ್ತು ನಿಮಿಷ ಎಣಿಸಿ. ದೊಡ್ಡ ಚೀಲ ತಂದರೆ ಲಾಭವಿಲ್ಲ. ಪೊಟ್ಯಾಸಿಯಂ-40 ಸೂಸುವ ಬೀಟಾ ಕಣಗಳು, ಅಂದರೆ ವೇಗದ ಎಲೆಕ್ಟ್ರಾನುಗಳು, ಮೇಲಿನ ಕೆಲವೇ ಮಿಲಿಮೀಟರ್ ಪದರದಿಂದ ಮಾತ್ರ ಹೊರಬರುತ್ತವೆ.

ಹಿನ್ನೆಲೆಯಲ್ಲಿ 225, ಗೊಬ್ಬರದೊಡನೆ 400 ಬಂತೆನ್ನೋಣ. ವ್ಯತ್ಯಾಸ 175, ಅದರ ಅನಿಶ್ಚಿತತೆ ಎರಡೂ ಎಣಿಕೆಗಳ ಮೊತ್ತದ ವರ್ಗಮೂಲ, ಅಂದರೆ 25. ವ್ಯತ್ಯಾಸ ಅದರ ಏಳು ಪಟ್ಟು ಇರುವುದರಿಂದ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಒಂದೇ ನಿಮಿಷ ಎಣಿಸಿದ್ದರೆ ಇಷ್ಟು ಖಚಿತವಾಗಿ ಹೇಳಲಾಗುತ್ತಿರಲಿಲ್ಲ.

ಕೊನೆಗೆ ಚೀಲಕ್ಕೂ ನಳಿಗೆಗೂ ನಡುವೆ ಊಟದ ಸ್ಟೀಲ್ ತಟ್ಟೆಗಳನ್ನು ಎರಡು ಮೂರು ಒಂದರ ಮೇಲೊಂದಿಟ್ಟು ಎಣಿಸಿರಿ. ಬೀಟಾ ಕಣಗಳು ಅಲ್ಲಿಯೇ ತಡೆದು ನಿಂತು ಎಣಿಕೆ ಹಿನ್ನೆಲೆಯ ಹತ್ತಿರಕ್ಕೆ ಇಳಿಯುತ್ತದೆ. ಉಳಿಯುವ ಅಲ್ಪ ಹೆಚ್ಚಳ ತಟ್ಟೆಗಳನ್ನು ದಾಟಿ ಬರುವ ಗಾಮಾ ಕಿರಣಗಳದ್ದು, ಅದನ್ನು ಕಾಣಲು ತಾಸುಗಟ್ಟಲೆ ಎಣಿಸಬೇಕಾಗುತ್ತದೆ.